ಅಜಿಂಠಾದ ನಾಲ್ಕನೆಯ ಹೆಗಲು

ಗಯಾಬಾಯಿ ಮದುವೆಯಾಗಿ ಲೇಣಾಪುರಕ್ಕೆ ಬಂದಾಗ ಗಂಡನ ಮನೆಗಿಂತ ಮೊದಲು ಕಂಡದ್ದು ಕಣಿವೆಯನ್ನು. ಬುಲಢಾಣಾ ಕಡೆಯಿಂದ ದಿಬ್ಬಣ ಹೊತ್ತು ಬಂದ ಟ್ರ್ಯಾಕ್ಟರು ಊರ ಹೊರಗೆ ಕೆಟ್ಟು ನಿಂತಿತು. ಗಂಡಸರು ಅದರ ರಿಪೇರಿಗೆ ಕೂತಾಗ ನಾದಿನಿ ಹೊಸ ಮದುಮಗಳ ಕೈಹಿಡಿದು ನಾಲ್ಕು ಮಾರು ಆಚೆ ಕರೆದೊಯ್ದಳು. ನೆಲ ಅಲ್ಲಿಗೆ ಮುಗಿದಿತ್ತು. ಕೆಳಗೆ ವಾಘೂರ ಹೊಳೆ ಕುದುರೆಯ ಲಾಳದ ಹಾಗೆ ಬಾಗಿ ಹರಿಯುತ್ತಿತ್ತು. ಎದುರಿನ ಕಪ್ಪು ಬಂಡೆಯ ಗೋಡೆಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಕಂಬ ನಿಲ್ಲಿಸಿದ ಬಾಗಿಲುಗಳು.

"ಅವು ಯಾರ ಮನಿ?" ಎಂದು ಕೇಳಿದಳು ಗಯಾ.

"ದೇವರ ಮನಿ ಅಂತಾರ ಕೆಲವರು, ಸರಕಾರದ್ದು ಅಂತಾರ ಕೆಲವರು. ನಮಗಂತೂ ಹೊಟ್ಟಿ ಹೊರಿಯೂ ಜಾಗ," ಎಂದಳು ನಾದಿನಿ.

ನಾದಿನಿ ಹೇಳಿದ್ದು ನಿಜವೇ ಆಗಿತ್ತು. ಗಯಾಳ ಗಂಡ ಕಡುಬಾ ಡೋಲಿ ಹೊರುವವನು. ಎರಡು ಉದ್ದ ಗಳಗಳ ನಡುವೆ ಕುರ್ಚಿ ಕಟ್ಟಿ, ಮುಂದೆ ಇಬ್ಬರು ಹಿಂದೆ ಇಬ್ಬರು ಹೆಗಲು ಕೊಟ್ಟು, ಮೆಟ್ಟಿಲು ಹತ್ತಲಾರದವರನ್ನು ಮೊದಲ ಗುಹೆಯಿಂದ ಕೊನೆಯ ಗುಹೆಯವರೆಗೆ ಹೊತ್ತು ತಿರುಗುವ ಕೆಲಸ. ಸೋಮವಾರ ಗುಹೆಗಳಿಗೆ ರಜೆ, ಅವನಿಗೂ ರಜೆ. ಉಳಿದ ಆರು ದಿನ ರೊಟ್ಟಿ, ಹಸಿಮೆಣಸಿನ ಠೇಚಾ ಕಟ್ಟಿಕೊಂಡು ಗುಡ್ಡದ ಮೆಟ್ಟಿಲಿಳಿದು, ಹೊಳೆಯ ಕಿರುಸೇತುವೆ ದಾಟಿ ಹೋಗುವನು. ಗಯಾ ಸೌದೆ ಆರಿಸಿ ತರುವಳು, ಎರಡು ಆಡು ಮೇಯಿಸುವಳು, ಮಳೆಗಾಲ ಮುಗಿಯುತ್ತಿದ್ದಂತೆ ಗುಡ್ಡದ ಸೀತಾಫಲ ಕಿತ್ತು ಬುಟ್ಟಿ ತುಂಬಿಕೊಂಡು ಅದೇ ಮೆಟ್ಟಿಲಿಳಿದು ಟಿಕೆಟ್ ಕಿಟಕಿಯ ಹತ್ತಿರ ಮಾರಲು ಕೂರುವಳು. ಹೀಗೆ ಹನ್ನೆರಡು ವರ್ಷ ಕಳೆಯಿತು. ಇಬ್ಬರು ಹೆಣ್ಣುಮಕ್ಕಳಾದರು. ದೇಶದೇಶಗಳ ಜನ ಅವಳ ಬುಟ್ಟಿಯ ಮುಂದೆ ಹಾದು ಹೋದರು. ಗುಹೆಯೊಳಗೆ ಮಾತ್ರ ಅವಳು ಒಮ್ಮೆಯೂ ಕಾಲಿಟ್ಟಿರಲಿಲ್ಲ. ಯಾರೂ ತಡೆದಿರಲಿಲ್ಲ. ಬುಟ್ಟಿ ಬಿಟ್ಟು ಹೋಗಲು ಪುರುಸೊತ್ತಿರಲಿಲ್ಲ, ಅಷ್ಟೇ.

ಹದಿಮೂರನೆಯ ವರ್ಷದ ಶ್ರಾವಣದಲ್ಲಿ ಕಡುಬಾನ ಕಾಲು ಜಾರಿತು. ಹದಿನಾರನೆಯ ಗುಹೆಯ ಹತ್ತಿರ, ಪಾಚಿ ಕಟ್ಟಿದ ಮೆಟ್ಟಿಲು. ಡೋಲಿ ವಾಲಿದರೆ ಕುಳಿತವರು ಕಣಿವೆಗೆ ಬೀಳುವ ಜಾಗ. ಅವನು ಗಳವನ್ನು ಬಿಡಲಿಲ್ಲ. ಇಡೀ ಭಾರವನ್ನು ಒಂದೇ ಮೊಣಕಾಲ ಮೇಲೆ ತಂದುಕೊಂಡು ಕುಸಿದ. ಕುಳಿತಿದ್ದ ಮುದುಕಪ್ಪನಿಗೆ ಒಂದು ಗೀರೂ ಆಗಲಿಲ್ಲ. ಕಡುಬಾನ ಮೊಣಕಾಲು ಮಾತ್ರ ಕುಂಬಳಕಾಯಿಯ ಹಾಗೆ ಊದಿತು. ಸೋಯಗಾವದ ಡಾಕ್ಟರು ಪಟ್ಟಿ ಸುತ್ತಿ, ನಡೆದಾಡಬಹುದು, ಆದರೆ ಇನ್ನು ಭಾರ ಹೊರುವ ಮಾತು ಬೇಡ ಎಂದರು.

ಡೋಲಿಯವರ ಹಿರಿಯ ಸಾಂಡೂ ಆಬಾ. ನಲವತ್ತು ವರ್ಷ ಹೆಗಲು ಸವೆಸಿದವನು; ಬಲಹೆಗಲ ಮೇಲೆ ಎತ್ತಿನ ಹಿಣಿಲಿನಂತೆ ಗಂಟು ಬೆಳೆದಿತ್ತು. ಕಡುಬಾ ಇದ್ದದ್ದು ಆಬಾನ ಡೋಲಿಯಲ್ಲೇ. ಉಳಿದಿಬ್ಬರು ಫರ್ದಾಪುರದ ಯೂಸುಫ್ ಮತ್ತು ಮಾತು ಕಡಿಮೆಯ ಪುಂಜಾರಾಮ. ನಾಲ್ಕರಲ್ಲಿ ಒಂದು ಹೆಗಲು ತಪ್ಪಿದರೆ ಆ ಡೋಲಿಯ ಪಾಳಿ ಹೋಯಿತು. ಆಬಾ ಒಬ್ಬನನ್ನು ತಂದ, ಅವನು ಎಂಟೇ ದಿನಕ್ಕೆ ಹತ್ತಿ ಗಿರಣಿಗೆ ಹೋದ. ಇನ್ನೊಬ್ಬನಿಗೆ ಕಣಿವೆ ಕಂಡರೆ ತಲೆ ತಿರುಗುತ್ತಿತ್ತು. ಡೋಲಿ ಗೋಡೆಗೆ ಒರಗಿ ನಿಂತಿತು. ಮೂರು ಮನೆಗಳ ಒಲೆ ಮಂಕಾಯಿತು, ಕಡುಬಾನದಂತೂ ಸರಿಯೇ ಸರಿ.

ಒಂದು ಮಧ್ಯಾಹ್ನ ಗಯಾ ಬುಟ್ಟಿ ಕೆಳಗಿಟ್ಟು ಆಬಾನ ಮುಂದೆ ನಿಂತಳು. ನಮ್ಮ ಮನೆಯವರ ಜಾಗಕ್ಕೆ ನಾನು ಬರುತ್ತೇನೆ ಎಂದಳು. ಯೂಸುಫ್ ಬೀಡಿಯ ಹೊಗೆ ನೆತ್ತಿಗೇರಿ ಕೆಮ್ಮಿದ. ಆಬಾ ನಗಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು.

"ನೀ ಗಿಡ್ಡಿ," ಎಂದ ಆಬಾ.

"ಹತ್ತೂವಾಗ ಮುಂದ ಗಿಡ್ಡ ಇದ್ದವರ ಬೇಕಲ್ಲ, ಆಬಾ. ಮುಂದಿನವರು ಉದ್ದ ಇದ್ರ ಕುಂತವರು ಹಿಂದಕ್ಕ ವಾಲ್ತಾರ. ಇವರ ಹೇಳ್ಯಾರ."

"ಅಂವ ಮನಿಯಾಗ ಕುಂತು ಎಲ್ಲಾ ಹೇಳ್ತಾನ. ಬಂದ ಮಂದಿ ಏನಂತಾರ? ಹೆಣ್ಮಗಳ ಹೆಗಲ ಮ್ಯಾಲೆ ಹತ್ತಿ ಕುಂದ್ರಾಕ ಯಾವ ಗಂಡಸು ಒಪ್ತಾನ?"

"ಗಂಡಸರನ್ನ ನೀವು ಹೊರ್ರಿ. ನಾ ಹೆಂಗಸರನ್ನ ಹೊರ್ತೀನಿ."

"ನಾಕು ಮಂದಿ ಹೊರೂದು ಒಂದ ಡೋಲಿ, ಹುಡುಗಿ. ಹೋಗು, ಹಣ್ಣು ಮಾರು."

ಅವಳು ವಾದಕ್ಕೆ ಇಳಿಯಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದಳು. ಕಡುಬಾ ಮೂರು ದಿನ ಅವಳೊಡನೆ ಮಾತು ಬಿಟ್ಟ. ತನ್ನ ಕಾಲಿನ ಮೇಲಿನ ಸಿಟ್ಟೋ, ಅವಳು ಕೇಳದೆ ಹೋದದ್ದರ ಸಿಟ್ಟೋ, ಅವನಿಗೇ ತಿಳಿಯಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಅಂಗಳದಲ್ಲಿ ಎರಡು ಬಿದಿರಿಗೆ ಜೋಳದ ಚೀಲ ಬಿಗಿದು ಇಟ್ಟಿದ್ದ. ತನ್ನ ಹಳೆಯ ವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಅವಳ ಹೆಗಲಿಗೆ ತಾನೇ ಇಟ್ಟ.

"ಕುತಗಿ ಹತ್ರ ತರಬ್ಯಾಡ. ನರ ಸಾಯ್ತದ. ಹಿಂಗ, ತುದೀಗೆ," ಎಂದ.

ಅಂದಿನಿಂದ ಅಂಗಳವೇ ಗುಡ್ಡವಾಯಿತು. ನಾದಿನಿ, ನೆರೆಯ ಇಬ್ಬರು ಹೆಂಗಸರು ಉಳಿದ ಮೂರು ತುದಿ ಹಿಡಿದರು. ಕಡುಬಾ ಹೊಸ್ತಿಲ ಮೇಲೆ ಕಾಲು ಚಾಚಿ ಕೂತು ಹೆಜ್ಜೆ ಎಣಿಸುತ್ತಿದ್ದ. ಮುಂದಿನವರು ಎಡಗಾಲು ಎತ್ತಿದಾಗ ಹಿಂದಿನವರು ಬಲಗಾಲು ಎತ್ತಬೇಕು, ಆಗ ಕುರ್ಚಿ ತೊಟ್ಟಿಲಿನ ಹಾಗೆ ತೂಗುವುದಿಲ್ಲ. ತಿರುವಿನಲ್ಲಿ ಕಣಿವೆಯ ಬದಿಯವನು ಹೆಜ್ಜೆ ಚಿಕ್ಕದು ಮಾಡಬೇಕು. ಉಸಿರು ಬಾಯಿಯಿಂದ ಬಿಡಬಾರದು. ಮೊದಲ ವಾರ ಅವಳ ಹೆಗಲು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಮೂರನೆಯ ವಾರಕ್ಕೆ ಚರ್ಮ ಗಟ್ಟಿಯಾಯಿತು.

ಮಾರ್ಗಶಿರದಲ್ಲಿ ಜನ ಇರುವೆಯ ಸಾಲಿನಂತೆ ಬರುತ್ತಾರೆ. ಆ ದಿನ ಕೊಲ್ಹಾಪುರದಿಂದ ನಿವೃತ್ತ ಮಾಸ್ತರರ ಒಂದು ತಂಡ ಬಂದಿತ್ತು. ಅವರಲ್ಲಿ ಬರ್ಗೆ ಬಾಯಿ ಎಂಬ ಭೂಗೋಳದ ಶಿಕ್ಷಕಿ. ಸೊಂಟದ ಕೀಲು ಸವೆದಿತ್ತು, ಕೋಲು ಹಿಡಿದರೂ ಹತ್ತು ಹೆಜ್ಜೆಗಿಂತ ಹೆಚ್ಚು ಆಗದು. ಸಂಗಡಿಗರೆಲ್ಲ ಹತ್ತಿ ಹೋದರು. ಡೋಲಿಗಳೆಲ್ಲ ಮೇಲಿದ್ದವು. ಆಕೆ ಎರಡು ತಾಸು ಕಲ್ಲುಬೆಂಚಿನ ಮೇಲೆ ಕೂತು, ಗೋಡೆಗೆ ಒರಗಿದ್ದ ಒಂದೇ ಒಂದು ಖಾಲಿ ಡೋಲಿಯನ್ನು, ಅದರ ಪಕ್ಕ ಕೂತ ಮೂವರು ಗಂಡಸರನ್ನು ನೋಡಿ ನೋಡಿ ಕೊನೆಗೆ ಕರೆದು ವಿಚಾರಿಸಿದರು. ಒಬ್ಬ ಕಮ್ಮಿ ಎಂದ ಯೂಸುಫ್. ಅಷ್ಟರಲ್ಲಿ ಗಯಾ ಬುಟ್ಟಿ ಸರಿಸಿ ಎದ್ದು ನಿಂತು ಸೀರೆಯ ಕಚ್ಚೆ ಬಿಗಿದದ್ದು ಆಕೆಯ ಕಣ್ಣಿಗೆ ಬಿತ್ತು.

"ಇಕಿ ಹೊರ್ತಾಳೇನು?" ಎಂದು ಕೇಳಿದರು ಬರ್ಗೆ ಬಾಯಿ.

"ಹೊರ್ತೀನಿ ಅಂತಾಳ, ಬಾಯಿ. ಹೊತ್ತದ್ದು ನಾವ ನೋಡಿಲ್ಲ," ಎಂದ ಆಬಾ.

"ನಾನೂ ಅಜಿಂಠಾ ನೋಡಿಲ್ಲ, ಮೂವತ್ತೊಂದು ವರ್ಷ ಮಕ್ಕಳಿಗೆ ಪಾಠ ಮಾಡೇನಿ. ಇವತ್ತ ಇಬ್ಬರದೂ ಆಗಲಿ. ಬಿದ್ದರ ನಾ ಬೀಳ್ತೀನಿ, ನಿಮಗೇನು?"

ಆಬಾ ಎದ್ದು ಗಳಕ್ಕೆ ಕೈ ಹಾಕಿದ. ಶಾಲೆಗೆ ಎರಡೇ ವರ್ಷ ಹೋದವನಾದರೂ ಶಿಕ್ಷಕಿಯ ಗದರಿಕೆ ಅವನಿಗೆ ಇನ್ನೂ ನೆನಪಿತ್ತು.

ಮೊದಲ ಐವತ್ತು ಮೆಟ್ಟಿಲಲ್ಲಿ ಗಯಾಳ ಹೆಜ್ಜೆ ಎರಡು ಸಲ ತಪ್ಪಿತು. ಚೀಲದ ಜೋಳ ಅಲುಗುವುದಿಲ್ಲ. ಮನುಷ್ಯರು ಅಲುಗುತ್ತಾರೆ ಎಂಬುದನ್ನು ಅಂಗಳ ಅವಳಿಗೆ ಕಲಿಸಿರಲಿಲ್ಲ. ಬಾಯಿ ಕಣಿವೆ ನೋಡಲೆಂದು ಪಕ್ಕಕ್ಕೆ ಬಾಗಿದಾಗಲೆಲ್ಲ ಗಳ ಹೆಗಲನ್ನು ಕೊರೆಯುತ್ತಿತ್ತು. ಹಿಂದಿನಿಂದ ಪುಂಜಾರಾಮ ಮೆಲ್ಲಗೆ "ಎಡ, ಎಡ" ಎನ್ನುತ್ತಿದ್ದ. ಆ ದಿನ ಅವನು ಆಡಿದ ಮಾತು ಅಷ್ಟೇ, ಆದರೆ ಅದಿಲ್ಲದಿದ್ದರೆ ತಾನು ಅಲ್ಲಿಯೇ ಗಳ ಇಳಿಸುತ್ತಿದ್ದೆ ಎಂದು ಗಯಾ ಇಂದಿಗೂ ಹೇಳುತ್ತಾಳೆ.

ಒಂದನೆಯ ಗುಹೆಯ ಬಾಗಿಲಲ್ಲಿ ಡೋಲಿ ಇಳಿಯಿತು. ಚಪ್ಪಲಿ ಬಿಟ್ಟು ಒಳಗೆ ನಡೆದೇ ಹೋಗಬೇಕು. ಬಾಯಿ ಗಂಡಸರ ತೋಳು ಬೇಡವೆಂದು ಗಯಾಳ ಕೈ ಹಿಡಿದರು. ಹೀಗೆ, ಬಂದ ಹದಿಮೂರನೆಯ ವರ್ಷದಲ್ಲಿ, ಅವಳು ಆ ಹೊಸ್ತಿಲು ದಾಟಿದಳು.

ಒಳಗೆ ತಂಪು. ಮೊದಲು ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡಂತೆ ಕತ್ತಲೆಯೊಳಗಿಂದ ಒಬ್ಬೊಬ್ಬರಾಗಿ ಜನ ಬಂದು ನಿಂತರು. ಗೋಡೆಯ ತುಂಬ ರಾಜರು, ದಾಸಿಯರು, ಆನೆಗಳು, ಮುತ್ತು ಪೋಣಿಸಿದ ಮುಡಿಗಳು. ಒಳಗಿನ ಗರ್ಭಗುಡಿಯ ಎಡಗಡೆ ಕಮಲ ಹಿಡಿದು ತಲೆ ಬಾಗಿಸಿ ನಿಂತವನ ಮುಂದೆ ಗಯಾಳ ಕಾಲು ತಾವಾಗಿ ನಿಂತವು. ಹೆಗಲಿನ ಉರಿ ಅವಳಿಗೆ ಮರೆತುಹೋಯಿತು. ಅವನು ಯಾರನ್ನೂ ನೋಡುತ್ತಿರಲಿಲ್ಲ, ಆದರೆ ಅಲ್ಲಿದ್ದವರಲ್ಲಿ ಯಾರ ನೋವೂ ಅವನಿಗೆ ಗೊತ್ತಿಲ್ಲದ್ದಲ್ಲ ಎನ್ನುವಂತಿತ್ತು ಆ ರೆಪ್ಪೆ. ಗಯಾ ತಿರುಗಿ ನೋಡಿದರೆ ಬರ್ಗೆ ಬಾಯಿ ಸದ್ದಿಲ್ಲದೆ ಅಳುತ್ತಿದ್ದರು.

"ಪುಸ್ತಕದಾಗ ಇಷ್ಟ ಸಣ್ಣ ಚಿತ್ರ ಇತ್ತು," ಎಂದು ಬಾಯಿ ಬೆರಳಲ್ಲಿ ಅಳತೆ ತೋರಿಸಿದರು. "ಅದರ ಮ್ಯಾಲೆ ಶಾಯಿ ಬ್ಯಾರೆ ಚೆಲ್ಲಿತ್ತು."

ಹೊರಡುವ ಮೊದಲು ಗಯಾ ತಲೆ ಎತ್ತಿ ಚಾವಣಿ ನೋಡಿದಳು. ಅಲ್ಲಿ ಚೌಕ ಚೌಕವಾಗಿ ಹೂವು, ಹಕ್ಕಿ, ಹಣ್ಣು. "ಅಲ್ಲಿ ನೋಡ್ರಿ, ಸೀತಾಫಲ," ಎಂದಳು. ಗುಹೆಯ ಕಾವಲುಗಾರ ಭಿವಸನನಿಗೆ ಅದು ಸರಿ ಬರಲಿಲ್ಲ. ಅವನು ಪ್ರವಾಸಿಗರಿಗೆ ಹೇಳುವವರ ಮಾತು ದಿನವೂ ಕೇಳಿಸಿಕೊಂಡು ಅರ್ಧ ಪಂಡಿತನಾಗಿದ್ದ. ಸೀತಾಫಲ ಈ ದೇಶಕ್ಕೆ ಬಂದದ್ದೇ ಎಷ್ಟೋ ಕಾಲದ ಮೇಲೆ, ದೊಡ್ಡ ದೊಡ್ಡವರು ಹಾಗೆ ಬರೆದಿದ್ದಾರೆ, ಅದು ಬೇರೆ ಹಣ್ಣು ಎಂದ.

"ಬರದವರು ಎಷ್ಟ ಬುಟ್ಟಿ ಸೀತಾಫಲ ಮಾರ್ಯಾರ?" ಎಂದಳು ಗಯಾ.

ಭಿವಸನನಿಗಿಂತ ಮೊದಲು ಬಾಯಿ ನಕ್ಕರು. ಕಣ್ಣೀರು ಒರೆಸಿಕೊಳ್ಳುತ್ತಲೇ ನಕ್ಕರು.

ಸಂಜೆ ಡೋಲಿ ಕೆಳಗಿಳಿಸಿದಾಗ ಆಬಾ ಗಯಾಳ ಹೆಗಲ ಕಡೆ ನೋಡಲಿಲ್ಲ, ಕಾಲ ಕಡೆ ನೋಡಿದ. ಕಾಲು ನಡುಗುತ್ತಿರಲಿಲ್ಲ. "ನಾಳಿಂದ ದೌಡ ಬಾ. ಎಂಟಕ್ಕ ಮೊದಲ ಬಸ್ಸು," ಎಂದಷ್ಟೇ ಹೇಳಿ ಹೋದ.

ಎಲ್ಲವೂ ಅಲ್ಲಿಗೆ ಸರಿಹೋಯಿತೆಂದಲ್ಲ. ಅವಳನ್ನು ಕಂಡು ಡೋಲಿ ಹತ್ತದೆ ತಿರುಗಿ ಹೋದವರಿದ್ದರು. ಮುಂದಿನ ಡೋಲಿಯವರು ಅವಳಿಗೆ ಕೇಳುವ ಹಾಗೆಯೇ ಆಬಾನನ್ನು ಬಳೆ ತೊಡಿಸಿಕೊಂಡವನು ಎನ್ನುತ್ತಿದ್ದರು. ಗುಹೆಗಳ ಕಚೇರಿಯ ಪಟ್ಟಿಯಲ್ಲಿ ಹೆಸರು ಇನ್ನೂ ಕಡುಬಾನದೇ; ಅವಳ ತೋಳಿಗೆ ಕಟ್ಟಿದ ಪರವಾನಗಿಯ ಬಿಲ್ಲೆಯೂ ಅವನದೇ. ಆಬಾ ಅವಳ ತಪ್ಪುಗಳನ್ನು ಮಾತ್ರ ಹೇಳುತ್ತಿದ್ದ, ಸರಿಯಾದದ್ದನ್ನು ಹೇಳುತ್ತಿರಲಿಲ್ಲ. ಅದು ಎಲ್ಲರಿಗೂ ಹಾಗೇ ಎಂದು ಯೂಸುಫ್ ಸಮಾಧಾನ ಹೇಳಿದ: "ಹತ್ತು ವರ್ಷ ಆತು ವೈನಿ, ಚಲೋ ಹೊತ್ತಿ ಅಂತ ನನಗ ಒಂದ ದಿನ ಅಂದಿಲ್ಲ. ಅಂದ್ರ ನನಗ ಹೆದರಿಕಿ ಆಗ್ತದ, ಮುದುಕಗ ಏನಾತಪಾ ಅಂತ."

ಎರಡನೆಯ ಬೇಸಗೆಯ ಹೊಸ್ತಿಲಲ್ಲಿ, ಹೋಳಿ ಕಳೆದ ವಾರ, ಹೆಜ್ಜೇನು ಎದ್ದವು.

ಆ ಬಂಡೆಯ ನೆತ್ತಿಯಲ್ಲಿ ಜೇನುಗೂಡುಗಳು ಪ್ರತಿ ವರ್ಷ ಇರುತ್ತವೆ, ಕರಿಯ ಜೋಳಿಗೆಗಳ ಹಾಗೆ ನೇತಾಡುತ್ತ. ಅವುಗಳ ಪಾಡಿಗೆ ಅವು, ಜನರ ಪಾಡಿಗೆ ಜನ. ಆ ದಿನ ಯಾರೋ ನಾಲ್ಕು ಪುಂಡರು ಒಂದು ಗೂಡಿಗೆ ಕಲ್ಲು ಬೀರಿದರು. ಆಬಾನ ಡೋಲಿ ಆಗ ಕೊನೆಯ ಗುಹೆಯಿಂದ ಹಿಂದಿರುಗುತ್ತ ಹತ್ತನೆಯ ಗುಹೆಯ ಮುಂದಿತ್ತು. ಕುರ್ಚಿಯಲ್ಲಿ ಅಕೋಲಾದ ಒಬ್ಬ ಭಾರೀ ಮೈಯ ಸಾಹುಕಾರ. ಬೆಳಿಗ್ಗೆ ಒಂದು ಮೆಟ್ಟಿಲೂ ಹತ್ತಲಾರೆ ಎಂದಿದ್ದವನು. ಮೇಲೆ ಮೋಡ ಗುಡುಗಿದಂತೆ ಸದ್ದು ಕೇಳಿತು. ಮರುಕ್ಷಣ ದಾರಿಯ ತುಂಬ ಹೆಜ್ಜೇನು. ಸಾಹುಕಾರ ಡೋಲಿ ನೆಲ ಮುಟ್ಟುವ ಮೊದಲೇ ಹಾರಿ, ಎಲ್ಲರಿಗಿಂತ ಮುಂದೆ ಓಡಿದ. ಅವನು ಹಾರಿದ ರಭಸಕ್ಕೆ ಗಳ ತಿರುಗಿ ಆಬಾನ ಹಿಮ್ಮಡಿಗೆ ಬಡಿಯಿತು. ಆಬಾ ಅಲ್ಲೇ ಬಿದ್ದ.

ಗಯಾಳ ತವರಿನ ಅಜ್ಜ ಗುಡ್ಡದಲ್ಲಿ ಜೇನು ಬಿಡಿಸುತ್ತಿದ್ದವನು. ಹೆಜ್ಜೇನಿನ ಮುಂದೆ ಓಡಬಾರದು, ಕೈ ಬೀಸಬಾರದು, ಕತ್ತಲೆಗೆ ಸೇರಿಕೊಳ್ಳಬೇಕು ಎಂದು ಅವನು ಹೇಳಿದ್ದು ಅವಳ ರಕ್ತದಲ್ಲಿಯೇ ಇತ್ತು. "ಗುಹಿ ಒಳಗ ಬರ್ರಿ, ಹಿಂದಿನ ಕತ್ತಲಿಗೆ ಹೋಗ್ರಿ, ಯಾರೂ ಕೈ ಬೀಸಬ್ಯಾಡ್ರಿ," ಎಂದು ಅವಳು ಕೂಗಿದ ದನಿಗೆ ಅರಚುತ್ತಿದ್ದ ಜನ ತಿರುಗಿದರು. ಹತ್ತನೆಯ ಗುಹೆ ಉದ್ದ, ಆಳ. ಕೊನೆಯಲ್ಲಿ ದೊಡ್ಡ ಸ್ತೂಪ. ಭಿವಸನ ಆ ದಿನ ಅಲ್ಲಿ ಪಹರೆಗಿದ್ದ. ಅವನೂ ಯೂಸುಫನೂ ಜನರನ್ನು ಸ್ತೂಪದ ಹಿಂದಕ್ಕೆ ತಳ್ಳಿದರು. ಆಗ ಗಯಾಳಿಗೆ ಒಳಗೆಲ್ಲೂ ಆಬಾ ಕಾಣಲಿಲ್ಲ.

ಅವಳು ಒಳಗೆ ಬರುವಾಗ ಎಳೆದು ತಂದಿದ್ದ ಡೋಲಿಯ ಕಂಬಳಿಯನ್ನು ಮೈತುಂಬ ಹೊದ್ದು ಹೊರಗೆ ನಡೆದಳು. ಓಡಲಿಲ್ಲ, ನಡೆದಳು. ಅಷ್ಟು ದೂರ ನಡೆದದ್ದೇ ತನ್ನ ಜೀವಮಾನದ ಕಷ್ಟದ ಕೆಲಸ ಎಂದು ಆಮೇಲೆ ಹೇಳುತ್ತಿದ್ದಳು. ಆಬಾ ತಲೆಯನ್ನು ಮೊಣಕಾಲ ಸಂದಿಯಲ್ಲಿಟ್ಟು ಮುದುಡಿದ್ದ. ಕುತ್ತಿಗೆ ಕಾಣದಷ್ಟು ಜೇನು. ಅವನ ಮೇಲೆ ಕಂಬಳಿ ಎಳೆದು, ತಾನೂ ಅದರೊಳಗೆ ಹೊಕ್ಕು, ಕಂಕುಳಿಗೆ ಕೈ ಕೊಟ್ಟು ತೆವಳಿಸಿದಳು. ಅರ್ಧ ದಾರಿಗೆ ಯೂಸುಫ್ ಬಂದು ಆಬಾನ ಕಾಲು ಹಿಡಿದೆತ್ತಿದ.

ಸ್ತೂಪದ ಹಿಂದೆ ಒಂದು ತಾಸು ಕೂತರು. ಜೇನಿನ ಸದ್ದು ಬಾಗಿಲಲ್ಲೇ ಸುತ್ತಿ ಸುತ್ತಿ ಇಳಿಯಿತು. ಗಯಾಳ ಒಂದು ಕಣ್ಣು ಮುಚ್ಚಿಹೋಗಿತ್ತು, ಕೈ ಎರಡೂ ಊದಿದ್ದವು. ಅವಳು ಅದೇ ಕೈಯಿಂದ ಆಬಾನ ಕುತ್ತಿಗೆಯ ಮುಳ್ಳುಗಳನ್ನು ಉಗುರಿನ ಅಂಚಿನಿಂದ ಒಂದೊಂದಾಗಿ ಕೆರೆದು ತೆಗೆದಳು. ಹಿಂಡಿದರೆ ವಿಷ ಒಳಗೆ ಇಳಿಯುತ್ತದೆ ಎಂದು ಬೇರೆಯವರಿಗೂ ಹೇಳಿಕೊಟ್ಟಳು. ಆಬಾನಿಗೆ ಮೈ ಬಿಸಿಯೇರುತ್ತಿತ್ತು. ಹಿಮ್ಮಡಿ ನೆಲಕ್ಕೆ ಊರಲು ಬರುತ್ತಿರಲಿಲ್ಲ. ಅವನನ್ನು ಬೇಗ ಫರ್ದಾಪುರದ ದವಾಖಾನೆಗೆ ಸೇರಿಸಬೇಕಿತ್ತು.

ಡೋಲಿಯನ್ನು ಬಾಗಿಲಿಗೆ ತಂದರು. ಆಬಾ ಹತ್ತಲೊಲ್ಲ. ನಾನು ಹೊರುವವನು, ಕೂರುವವನಲ್ಲ ಎಂದು ಹಟ ಹಿಡಿದ. ತೆವಳಿಕೊಂಡಾದರೂ ಇಳಿಯುತ್ತೇನೆ ಎಂದ.

"ಆಬಾ," ಎಂದಳು ಗಯಾ, "ನಾ ಹೊರೂದು ನಿಮಗ ನಂಬಿಕಿ ಇಲ್ಲೇನು?"

ಮುದುಕ ಅವಳ ಮುಚ್ಚಿದ ಕಣ್ಣನ್ನು ನೋಡಿದ. ಆಮೇಲೆ ತಾನೇ ಕೈ ಚಾಚಿದ, ಎತ್ತಿ ಕೂಡಿಸಿರಿ ಎಂದು.

ಯೂಸುಫ್, ಪುಂಜಾರಾಮ, ಗಯಾ ಮೂವರಾದರು. ನಾಲ್ಕನೆಯ ತುದಿಗೆ, ಸ್ತೂಪದ ಹಿಂದೆ ಅವಿತಿದ್ದ ಅಕೋಲಾದ ಸಾಹುಕಾರ ತಲೆ ತಗ್ಗಿಸಿಕೊಂಡು ಮುಂದೆ ಬಂದ. ಯಾರೂ ಬೇಡ ಎನ್ನಲಿಲ್ಲ. ಹದಿನೈದು ಹೆಜ್ಜೆಗೆ ಅವನ ಉಸಿರು ಮೇಲೆ ಕೆಳಗಾಯಿತು. ಭಿವಸನ ಅವನ ಕೈಯಿಂದ ಗಳ ತೆಗೆದುಕೊಂಡು ತನ್ನ ಹೆಗಲಿಗಿಟ್ಟ. ಭಿವಸನನಿಗೂ ಹೊರುವ ರೂಢಿಯಿರಲಿಲ್ಲ. ಡೋಲಿ ಆ ದಿನ ಅಲುಗಿದಷ್ಟು ಎಂದೂ ಅಲುಗಿರಲಿಲ್ಲ. ಜ್ವರದಲ್ಲಿಯೂ ಆಬಾ ಮೇಲಿನಿಂದ ಬೈಯುತ್ತಲೇ ಇದ್ದ. ಯೂಸುಫನ ಬಲಗಾಲು ತಡ, ಪುಂಜಾರಾಮ ನಿದ್ದೆ ಮಾಡುತ್ತಾನೆ, ಭಿವಸನ ಗಳವನ್ನು ಕೊಡೆಯ ಹಾಗೆ ಹಿಡಿದಿದ್ದಾನೆ. ಗಯಾಳ ಸರದಿ ಬರಲೇ ಇಲ್ಲ. ಅವಳು ಕಾದಳು, ಬರಲಿಲ್ಲ.

ನಾಲ್ಕನೆಯ ಗುಹೆ ದಾಟುವಾಗ ಬೈಗಳು ನಿಂತವು. ಪ್ರಜ್ಞೆ ತಪ್ಪಿತೇನೋ ಎಂದು ಅವಳು ಹೆದರಿ ತಿರುಗಿದಳು. ಆಬಾ ಕಣಿವೆಯನ್ನು ನೋಡುತ್ತಿದ್ದ. ಹೊಳೆಯ ಬಾಗು, ಆಚೆಯ ಗುಡ್ಡದಲ್ಲಿ ಕೆಂಪಗೆ ಅರಳಿದ ಮುತ್ತುಗ.

"ನಲವತ್ತು ವರ್ಷ ನಾ ಮೆಟ್ಟಲ ನೋಡೇನಿ," ಎಂದ ಅವನು. "ಇಲ್ಲಿ ಕುಂತವರು ಇದನ್ನ ನೋಡ್ತಿದ್ರೇನು?"

ಮೂರು ದಿನಕ್ಕೆ ಆಬಾನ ಜ್ವರ ಇಳಿಯಿತು. ಹಿಮ್ಮಡಿ ವಾಸಿಯಾಗಲು ಮಳೆಗಾಲ ಬಂತು. ಅವನು ಮಾಡಿದ ಮೊದಲ ಕೆಲಸ ಕೋಲೂರಿಕೊಂಡು ಕಚೇರಿಗೆ ಹೋದದ್ದು. ಗಯಾಳ ಹೆಸರಿಗೇ ಬಿಲ್ಲೆ ಬೇಕೆಂದ. ಅರ್ಜಿಯಲ್ಲಿ ಗಂಡಸು ಎಂದೇ ಅಚ್ಚಾಗಿದೆ, ಬೇರೆ ಅರ್ಜಿ ಇಲ್ಲ ಎಂದರು. ಹಾಗಾದರೆ ಅಚ್ಚು ಮಾಡಿಸಿರಿ, ನನಗೆ ಈಗ ಹೇಗೂ ಕೆಲಸವಿಲ್ಲ, ಇಲ್ಲೇ ಕೂರುತ್ತೇನೆ ಎಂದು ಬೆಂಚಿನ ಮೇಲೆ ಕೂತ. ಐದು ತಿಂಗಳು, ಪ್ರತಿ ಮಂಗಳವಾರ ಹೋಗಿ ಕೂತ. ಕೊನೆಗೆ ಸಾಹೇಬರು ಪೆನ್ನಿನಿಂದ ಆ ಶಬ್ದ ಹೊಡೆದುಹಾಕಿ ಸಹಿ ಮಾಡಿದರು. ಹಿತ್ತಾಳೆಯ ಬಿಲ್ಲೆ ಬಂದ ದಿನ ಕಡುಬಾ ಅದನ್ನು ಹುಣಸೆಹಣ್ಣಿನಿಂದ ತಿಕ್ಕಿ ಫಳಫಳ ಹೊಳೆಸಿ ಹೆಂಡತಿಯ ತೋಳಿಗೆ ಕಟ್ಟಿದ.

ಕಡುಬಾನಿಗೂ ಒಂದು ದಾರಿ ಸಿಕ್ಕಿತು. ಹೊತ್ತವನಿಗೆ ಗಳದ ತಪ್ಪು ಗೊತ್ತಿರುತ್ತದೆ. ಅವನು ಹಗುರ ಬಿದಿರಿನಿಂದ, ಹೆಗಲು ಕೊರೆಯದ ಹಾಗೆ ನಾರು ಸುತ್ತಿ, ಹೊಸ ಡೋಲಿ ಕಟ್ಟಲು ಶುರುಮಾಡಿದ. ಬಳೆ ಎಂದು ಹಂಗಿಸಿದವರೇ ತಮ್ಮ ಡೋಲಿ ಕಟ್ಟಿಕೊಡು ಎಂದು ಲೇಣಾಪುರಕ್ಕೆ ಹತ್ತಿ ಬಂದರು. ಅಂಗಳದಲ್ಲಿ ಗಯಾಳ ಜೊತೆ ಚೀಲ ಹೊತ್ತಿದ್ದ ನಾದಿನಿಗೂ ನೆರೆಯ ಇಬ್ಬರಿಗೂ ಸುಮ್ಮನಿರಲಾಗಲಿಲ್ಲ. ಅವರೂ ಅರ್ಜಿ ಹಾಕಿದರು. ಹೊಡೆದುಹಾಕಿದ ಶಬ್ದದ ಅರ್ಜಿ ಈಗ ಕಚೇರಿಯಲ್ಲಿ ಇತ್ತು. ಆಬಾ ಮತ್ತೆ ಗಳ ಹಿಡಿಯಲಿಲ್ಲ. ಪಾಳಿ ಕೂಗುವ, ಹೊಸಬರಿಗೆ ಹೆಜ್ಜೆ ಕಲಿಸುವ ಕೆಲಸ ಅವನದಾಯಿತು.

ನಾಲ್ವರು ಹೆಂಗಸರೇ ಹೊರುವ ಡೋಲಿ ಮೊದಲು ಎದ್ದದ್ದು ಮರುವರ್ಷದ ಭಾದ್ರಪದದ ಒಂದು ಬೆಳಿಗ್ಗೆ. ಏಳು ಹಂತದ ಜಲಪಾತ ತುಂಬಿ ಬೀಳುತ್ತಿತ್ತು, ಮಾತಾಡಿದರೆ ಕೇಳದಷ್ಟು. ಮೊದಲು ಯಾರನ್ನು ಕೂಡಿಸುವುದು ಎಂಬ ಚರ್ಚೆ ಹಿಂದಿನ ದಿನವೇ ನಡೆದಿತ್ತು. ಗಯಾ ನೇರ ಆಬಾನ ಮನೆಗೆ ಹೋಗಿ ಅವನ ಹೆಂಡತಿ ತಾನಾಬಾಯಿಯನ್ನು ಕರೆದುಕೊಂಡು ಬಂದಿದ್ದಳು. ಮೊಣಕಾಲು ಹಿಡಿದ ಮುದುಕಿ. ಗಂಡ ಜಗತ್ತಿನ ಜನಕ್ಕೆಲ್ಲ ಗುಹೆ ತೋರಿಸಿದ್ದ, ಆಕೆಗೆ ತೋರಿಸಿರಲಿಲ್ಲ. ಕೇಳಿದರೆ, ನೀನು ಒಂದು ದಿನವಾದರೂ ಬರುತ್ತೇನೆ ಎಂದೆಯಾ ಎಂದು ಮರುಪ್ರಶ್ನೆ ಹಾಕುತ್ತಿದ್ದ.

ತಾನಾಬಾಯಿ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಮೊದಲ ತಿರುವಿನವರೆಗೆ ಕಣ್ಣು ಮುಚ್ಚಿದ್ದಳು. ಆಬಾ ಪಕ್ಕದಲ್ಲಿ ಕೋಲೂರುತ್ತ ಹೆಜ್ಜೆಯ ತಪ್ಪು ಎಣಿಸುತ್ತ ಬಂದ. ಇಪ್ಪತ್ತಾರನೆಯ ಗುಹೆಯಲ್ಲಿ ಮಲಗಿದ ಬುದ್ಧನ ಮುಂದೆ ಅವಳನ್ನು ಇಬ್ಬರು ಹಿಡಿದು ನಿಲ್ಲಿಸಿದರು. ನಾಲ್ಕಾಳು ಉದ್ದದ ಕಲ್ಲಿನ ಮೈ, ಅಂಗೈ ಮೇಲೆ ಇಟ್ಟ ಕೆನ್ನೆ, ಕೆಳಗೆ ಅಳುತ್ತ ಕೂತ ಶಿಷ್ಯರ ಸಾಲು. ಮುದುಕಿ ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಕೈ ಮುಗಿದಳು.

ಆಮೇಲೆ ಅವಳು ಗಂಡನ ಕಡೆ ತಿರುಗಿ, ಸಿಟ್ಟೂ ಅಲ್ಲದ ನಗುವೂ ಅಲ್ಲದ ದನಿಯಲ್ಲಿ ಹೇಳಿದಳು, "ದಿನಾ ಇದನ್ನ ನೋಡಿ ಮನಿಗೆ ಬರ್ತಿದ್ದಿ. ಬಂದು ಪಲ್ಯಾಕ ಉಪ್ಪಿಲ್ಲ ಅಂತಿದ್ದಿ."

ನಾದಿನಿ ನಗು ತಡೆಯಲಾರದೆ ಕಂಬದ ಹಿಂದೆ ಸರಿದಳು. ತಾನಾಬಾಯಿ ಇನ್ನೂ ಯಾವ ಯಾವ ಗುಹೆ ಉಳಿದಿವೆ ಎಂದು ಕೇಳಿದಳು. ಗಯಾ ಬೆರಳು ಮಡಿಚಿ ಲೆಕ್ಕ ಹೇಳಿದಳು. ಮುದುಕಿ ಹೋಗಿ ತಾನಾಗಿಯೇ ಕುರ್ಚಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ಈ ಸಲ ಕಣ್ಣು ಮುಚ್ಚದೆ, ನಡೆಯಿರಿ ಎಂದು ಕೈ ಮಾಡಿದಳು.